ನೀವು ಮೊದಲ ತಗೋರಿ

ನಮ್ಮ ಮನೆಯಲ್ಲಿ ಅಳಿಯ ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಡುವ ತನಕ ಉಳಿದ ಗಂಡಸರು ರೊಟ್ಟಿ ಮುರಿಯುವುದಿಲ್ಲ. ಅವನು ಫೋನಿನಲ್ಲಿ ಮಾತಾಡುತ್ತ ಅಂಗಳದಲ್ಲಿ ನಿಂತಿದ್ದರೂ ಅಷ್ಟೇ, ಎಣ್ಣೆಗಾಯಿ ಆರಿ ತಣ್ಣಗಾದರೂ ಅಷ್ಟೇ. ಇದನ್ನು ಯಾರೂ ನನ್ನನ್ನು ಕೂರಿಸಿ ಹೇಳಿಕೊಟ್ಟಿಲ್ಲ. ಅಪ್ಪ ಮಾಡಿದ್ದನ್ನು ನೋಡಿದೆ, ನಾನೂ ಮಾಡಿದೆ. ಅಕ್ಕನ ಮದುವೆಯಾದಾಗ ನಾನಿನ್ನೂ ಕಾಲೇಜು ಓದುತ್ತಿದ್ದೆ. ಅಂದಿನಿಂದ ಅಕ್ಕನ ಗಂಡ ನಮ್ಮ ಮನೆಗೆ ಅಳಿಯ, ನನಗೆ ಮಾವ. ಮೋಟರ್‌ಸೈಕಲ್ ಗಾಡಿಯ ವಿಷಯ ಬರೆಯಲು ಕೂತವನು ಊಟದ ಮಾತು ಯಾಕೆ ತೆಗೆದ ಅಂತ ನಿಮಗೆ ಅನ್ನಿಸಬಹುದು. ಆದರೆ ಒಂದು ಹೊಸ ಗಾಡಿಯನ್ನು ಈಗಲೇ ಕೊಳ್ಳಬೇಕೋ, ಇನ್ನೂ ತಡೆಯಬೇಕೋ ಎಂದು ಮಾವಾರು, ನಾನು ಇಬ್ಬರೂ ತಲೆ ಕೆಡಿಸಿಕೊಂಡದ್ದೆಲ್ಲ ಈ ಮರ್ಯಾದೆಯ ಒಳಗೇ ನಡೆಯಿತು, ಅದರ ಒಳಗೇ ಕೆಟ್ಟಿತು.

ಮಾವಾರದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ಗಾದಿಯ ಮೇಲೆ ಕಾಲು ಮಡಚಿ ಕೂತು, ಸೀರೆ ಬಿಚ್ಚಿ ಸೆರಗು ಹರವಿ, ಎದುರಿಗೆ ಕೂತ ಹೆಣ್ಣುಮಕ್ಕಳಿಗೆ ಬಣ್ಣ ತೋರಿಸುತ್ತಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಆಳು ಗಿಡ್ಡ, ದನಿ ದೊಡ್ಡದು. ಅವರು ಅಂಗಡಿಯಲ್ಲಿ ನಕ್ಕರೆ ಎದುರಿನ ಚಹಾದವನಿಗೂ ನಗು ಬರುತ್ತದೆ. ನಾನು ಅದಕ್ಕೆ ಉಲ್ಟಾ. ಆರಡಿಯ ಆಳು, ದನಿ ಮಾತ್ರ ಮೂರನೆಯ ಬೆಂಚಿಗೆ ಮುಟ್ಟಿದರೆ ಪುಣ್ಯ. ಬಾಗಲಕೋಟೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತೇನೆ, ಮನೆ ನವನಗರದಲ್ಲಿ. ಮಾವಾರು ನನ್ನನ್ನು ಕರೆಂಟ್ ಕಂಬ ಅನ್ನುತ್ತಾರೆ. ತಿರುಗಿ ಅವರಿಗೆ ಏನಾದರೂ ಅನ್ನುವ ಹಕ್ಕು ನನಗಿಲ್ಲ. ಅವರು ಅಳಿಯ.

ಇಬ್ಬರಿಗೂ ಗಾಡಿಯ ಹುಚ್ಚು. ಭಾನುವಾರ ಬೆಳಿಗ್ಗೆ ಅವರು ಇಳಕಲ್ಲಿನಿಂದ ಹುನಗುಂದ ದಾಟಿ ಬರುವುದು, ನಾನು ಇತ್ತಲಿಂದ ಕಮತಗಿ ದಾಟಿ ಹೋಗುವುದು, ಇಬ್ಬರೂ ಅಮೀನಗಡದಲ್ಲಿ ಕೂಡುವುದು. ನಾನು ಎಷ್ಟು ಬೇಗ ಹೊರಟರೂ ಅವರು ಮೊದಲೇ ಬಂದು ಕರದಂಟಿನ ಅಂಗಡಿಯ ಮುಂದೆ ಗಾಡಿ ಸ್ಟ್ಯಾಂಡ್ ಹಾಕಿ, ಸೀಟಿನ ಧೂಳು ಒರೆಸುತ್ತ ನಿಂತಿರುತ್ತಿದ್ದರು. ಚಹಾ ಕುಡಿದು ಐಹೊಳೆಯ ರಸ್ತೆ ಹಿಡಿದರೆ ಪಟ್ಟದಕಲ್ಲು, ಅಲ್ಲಿಂದ ಬಾದಾಮಿ. ಗುಡಿ ಗೋಪುರ ನೋಡುವುದು ನಮ್ಮ ಉದ್ದೇಶವೇ ಆಗಿರಲಿಲ್ಲ. ಎಲ್ಲಿಂದಲೋ ಬಂದವರು ಕಲ್ಲಿನ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರೆ ನಾವು ಬೇವಿನ ಗಿಡದ ಕೆಳಗೆ ನಿಂತು ಚೈನಿನ ಬಿಗಿ ನೋಡುತ್ತಿದ್ದೆವು.

ರಸ್ತೆಯಲ್ಲಿ ಅವರು ಮುಂದೆ, ನಾನು ಹಿಂದೆ. ಅಳಿಯನನ್ನು ಓವರ್‌ಟೇಕ್ ಮಾಡುವುದು ನನ್ನಿಂದ ಆಗದ ಕೆಲಸ. ಅವರು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದು ನಿಧಾನ ಹೋದರೆ ನಾನು ಅವರ ಹಿಂದೆ ಸಿಕ್ಕಿಬಿದ್ದು ಇನ್ನೂ ನಿಧಾನ. ಇಬ್ಬರ ಗಾಡಿಗಳೂ ಹಳೆಯವು, ಎತ್ತರದ ರಸ್ತೆ ಬಂದರೆ ದಮ್ಮು ಕಟ್ಟುವಂಥವು. ಮಾವಾರಿಗೆ ಒಂದು ದೊಡ್ಡ ಆಸೆ ಇತ್ತು, ಅವರು ಹೇಳಿ ಹೇಳಿ ಅದು ನನ್ನ ಆಸೆಯೂ ಆಗಿಬಿಟ್ಟಿತ್ತು. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಹಿಡಿದು ಅದು ಕೃಷ್ಣೆಯನ್ನು ಕೂಡುವ ಕೂಡಲಸಂಗಮದ ತನಕ, ಹೊಳೆಯ ದಂಡೆಗೆ ಎಷ್ಟು ಸಮೀಪ ರಸ್ತೆ ಸಿಗುತ್ತದೋ ಅಷ್ಟು ಸಮೀಪದಿಂದ, ಎರಡು ಗಾಡಿಯಲ್ಲಿ ಇಬ್ಬರೇ ಹೋಗುವುದು. ಎರಡು ಮೂರು ರಾತ್ರಿ ಎಲ್ಲಿ ಬೇಕೋ ಅಲ್ಲಿ ಉಳಿಯುವುದು. ಅದಕ್ಕೆ ದೂರದ ದಾರಿಗೆಂದೇ ಮಾಡಿದ ಗಾಡಿ ಬೇಕು ಅನ್ನುವುದು ಅವರ ಖಡಾಖಂಡಿತ ಮಾತು. ಈಗ ಯೋಚಿಸಿದರೆ, ನಮ್ಮ ಹಳೆಯ ಗಾಡಿಗಳಲ್ಲೇ ಆ ದಾರಿಯನ್ನು ಯಾವಾಗ ಬೇಕಾದರೂ ಮುಗಿಸಬಹುದಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡು ಅಂಥ ಗಾಡಿಯ ಮೇಲೇ ಜನ ಆ ಊರುಗಳಲ್ಲಿ ದಿನವೂ ಓಡಾಡುತ್ತಾರೆ.

ಮೂರು ವರ್ಷದ ಹಿಂದೆ ಬಾಗಲಕೋಟೆಯ ಶೋರೂಮಿಗೆ ಅಂಥದೊಂದು ಗಾಡಿ ಬಂತು. ಎದುರು ಗಾಳಿಗೆ ಗಾಜು, ಹಿಂದೆ ಪೆಟ್ಟಿಗೆ ಕಟ್ಟಲು ಕಬ್ಬಿಣದ ಚೌಕಟ್ಟು, ದೊಡ್ಡ ಟ್ಯಾಂಕು. ನಾನು ಮನೆಯ ಮೇಲೆ ಎರಡು ಖೋಲಿ ಕಟ್ಟಿಸುತ್ತಿದ್ದ ಕಾಲ ಅದು. ಆದರೂ ಗಾಡಿಗೆಂದು ಬೇರೆ ತೆಗೆದಿಟ್ಟ ದುಡ್ಡನ್ನು ನಾನು ಮುಟ್ಟಿರಲಿಲ್ಲ, ಹೆಂಡತಿಗೂ ಅದು ಗೊತ್ತಿತ್ತು. ಮಾವಾರಿಗೆ ಫೋನ್ ಮಾಡಿ ಗಾಡಿ ಬಂದಿದೆ ಅಂದೆ. ನನ್ನ ಬಾಯಿಂದ ಮುಂದಿನ ಮಾತು ತಾನೇ ಬಂತು.

"ನೀವು ಮೊದಲ ತಗೋರಿ ಮಾವಾರ."

ಅವರು ಈಗ ಬೇಡ ಅಂದರು. ಇದೇ ಗಾಡಿಯನ್ನು ಪೂರ್ತಿ ಹೊಸದಾಗಿ ಮಾಡುತ್ತಿದ್ದಾರಂತೆ, ಅದು ಬಂದ ಮೇಲೆ ಇಬ್ಬರೂ ಕೂಡಿಯೇ ತೆಗೆದುಕೊಂಡರಾಯಿತು ಅಂದರು. ವ್ಯಾಪಾರಸ್ಥರು, ಯಾವ ಮಾಲನ್ನು ಯಾವಾಗ ಎತ್ತಬೇಕು ಅನ್ನುವುದು ನನಗಿಂತ ಅವರಿಗೆ ಗೊತ್ತು ಅಂದುಕೊಂಡೆ. ನಾನೊಬ್ಬನೇ ಆಗ ಹೋಗಿ ತರಬಹುದಿತ್ತು. ಅಳಿಯ ಹಳೆಯ ಗಾಡಿಯ ಮೇಲೆ, ನಾನು ಹೊಸದರ ಮೇಲೆ, ಅದೂ ಅವರ ಹಿಂದೆ ಹಿಂದೆ. ನೆನೆಸಿಕೊಂಡರೇ ಮೈ ಮುದುಡಿತು. ತಡೆಯುವುದೇ ಸರಿ ಅನ್ನಿಸಿತು.

ತಡೆದೆವು. ತಡೆಯುವುದೂ ಒಂದು ಸುಖವೇ, ಅದನ್ನು ಸುಳ್ಳು ಹೇಳಬಾರದು. ಇನ್ನೂ ಬಿಡುಗಡೆಯಾಗದ, ರೂಪ ಗೊತ್ತಾಗದಿರಲೆಂದು ಮೈತುಂಬ ಕರಿ ಬಿಳಿ ಪಟ್ಟಿ ಅಂಟಿಸಿಕೊಂಡು ಪರೀಕ್ಷೆಗೆಂದು ಯಾವುದೋ ಘಾಟಿನಲ್ಲಿ ಓಡುತ್ತಿರುವ ಗಾಡಿಯ ಮಸುಕು ಫೋಟೋ ಬರುತ್ತಿತ್ತು. ಅದನ್ನು ದೊಡ್ಡದು ಮಾಡಿ ಮಾಡಿ ಇಬ್ಬರೂ ಫೋನಿನಲ್ಲಿ ವಾದ ಮಾಡುತ್ತಿದ್ದೆವು. ಯೂಟ್ಯೂಬಿನಲ್ಲಿ ಕೈ ಬೀಸಿ ಬೀಸಿ ಮಾತಾಡುವ ಹುಡುಗರೆಲ್ಲ ಮಾವಾರಿಗೆ ಮನೆಯವರಂತೆ ಆಗಿಬಿಟ್ಟಿದ್ದರು. ಇವನಿಗೆ ಏನೂ ತಿಳಿಯುವುದಿಲ್ಲ, ಅವನು ಖರೆ ಹೇಳುತ್ತಾನೆ ಎಂದು ಅವರಲ್ಲೇ ಎರಡು ಪಂಗಡ ಮಾಡಿದ್ದರು. ಅಕ್ಕ ಮಾತ್ರ ನಿಮಗೆ ಬೇರೆ ಉದ್ಯೋಗ ಇಲ್ಲವೇನು ಎಂದು ಇಬ್ಬರನ್ನೂ ಬೈಯುತ್ತಿದ್ದಳು. ಈ ನಡುವೆ ಮಾವಾರ ಎಡ ಮೊಣಕಾಲು ನೋಯತೊಡಗಿತ್ತು. ದಿನವೆಲ್ಲ ಕಾಲು ಮಡಚಿ ಕೂತರೆ ಮತ್ತೇನಾಗುತ್ತದೆ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಅವರು ಅದನ್ನು ನೆಗಡಿ ಕೆಮ್ಮಿನ ಹಾಗೆ ತಳ್ಳಿಹಾಕಿದರು, ನಾವೂ ತಳ್ಳಿಹಾಕಿದೆವು.

ಕೊನೆಗೂ ಹೊಸ ಗಾಡಿ ಬಂತು. ಹೆಸರೊಂದು ಬಿಟ್ಟರೆ ಹಳೆಯದರದ್ದು ಏನೂ ಉಳಿದಿರಲಿಲ್ಲ. ಎಂಜಿನ್ನು ಬೇರೆ, ಚೌಕಟ್ಟು ಬೇರೆ, ಮುಂದಿನ ಗಾಲಿ ದೊಡ್ಡದು. ಈಗ ಹಿಂದೆ ಸರಿದವನು ನಾನು. ನಮ್ಮ ಕಾಲೇಜಿನ ಭೌತಶಾಸ್ತ್ರದವರು, ಹೊಸದಾಗಿ ಮಾಡಿದ ಯಾವ ಗಾಡಿಯನ್ನೂ ಮೊದಲ ವರ್ಷ ಕೊಳ್ಳಬಾರದು, ಮೊದಲು ಕೊಂಡವರ ಮೇಲೆ ಕಂಪನಿಯವರು ಪ್ರಯೋಗ ಮಾಡುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದರು. ಎಲ್ಲೋ ಒಬ್ಬರ ಗಾಡಿಯ ಮೀಟರು ಮಳೆಗೆ ಮಂಜು ಹಿಡಿದಿತ್ತಂತೆ, ಇನ್ನೊಬ್ಬರದು ಸಿಗ್ನಲ್ಲಿನಲ್ಲಿ ಬಂದ್ ಬೀಳುತ್ತಿತ್ತಂತೆ. ಒಂದಾರು ತಿಂಗಳು ನೋಡೋಣ ಮಾವಾರ ಅಂದೆ. ಅವರು ಒಪ್ಪಲೇ ಇಲ್ಲ. ಎಲ್ಲರೂ ಹಾಗೇ ನೋಡುತ್ತ ಕೂತರೆ ನಮ್ಮ ಹೊಸ ನಮೂನೆಯ ಸೀರೆ ಒಂದೂ ಅಂಗಡಿ ಬಿಟ್ಟು ಹೋಗುತ್ತಿರಲಿಲ್ಲ ಅಂದರು. ಎಷ್ಟು ಉಮೇದು ಬಂದಿತ್ತೆಂದರೆ, ನೇಯುವ ಒಬ್ಬರು ಕೇಳಿದರೆಂದು ತಮ್ಮ ಹಳೆಯ ಗಾಡಿಯನ್ನು ಆಗಲೇ ಕೊಟ್ಟೂಬಿಟ್ಟಿದ್ದರು. ಮನೆಯ ಮುಂದೆ ಎರಡೆರಡು ಯಾಕೆ ಎಂದು ಅವರ ಲೆಕ್ಕ.

ಶೋರೂಮಿಗೆ ನೋಡಲು ಒಂದು ಗಾಡಿ ಬಂದಿದೆ ಎಂದು ತಿಳಿದಾಗ ಅವರು ಬಸ್ಸಿನಲ್ಲಿ ಬಾಗಲಕೋಟೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ದಪ್ಪ ಅಟ್ಟೆಯ ಹೊಸ ಬೂಟು. ಬೂಟು ನೋಡಿ ನಾನು ಮದುಮಗನ ಹಾಗೆ ಬಂದಿದ್ದೀರಿ ಅಂದದ್ದಕ್ಕೆ ಜೋರಾಗಿ ನಕ್ಕರು. ಆ ದಪ್ಪ ಅಟ್ಟೆ ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ಗಾಡಿಯನ್ನು ಹೊರಗಿನ ಅಂಗಳಕ್ಕೆ ತಂದು ನಿಲ್ಲಿಸಿದರು. ಮಾವಾರು ಸುತ್ತಲೂ ಒಂದು ಸಲ ತಿರುಗಿ, ಟ್ಯಾಂಕಿನ ಮೇಲೆ ಅಂಗೈ ಸವರಿ, ಮೇಲೆ ಕಾಲು ಹಾಕಿದರು. ಸ್ಟ್ಯಾಂಡಿನ ಮೇಲೆ ಇರುವ ತನಕ ಎಲ್ಲ ಸರಿ ಇತ್ತು. ಬೆನ್ನು ನೆಟ್ಟಗೆ ಮಾಡಿ ಹ್ಯಾಂಡಲ್ ಹಿಡಿದು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಸ್ಟ್ಯಾಂಡ್ ತೆಗೆದು ಗಾಡಿಯನ್ನು ನೆಟ್ಟಗೆ ಮಾಡಿದರು. ಬಲಗಾಲು ನೆಲ ಹುಡುಕಿತು, ಸಿಗಲಿಲ್ಲ. ಎಡಗಾಲಿನ ತುದಿಬೆರಳು ತಾಗಿತೇನೋ, ಆದರೆ ಭಾರ ಬಿದ್ದದ್ದು ನೋಯುವ ಮೊಣಕಾಲಿನ ಮೇಲೆ. ಗಾಡಿ ಮೆಲ್ಲಗೆ, ಬಹಳ ಮೆಲ್ಲಗೆ ಎಡಕ್ಕೆ ವಾಲತೊಡಗಿತು. ಅವರ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು. ಶೋರೂಮಿನ ಮೂವರು ಓಡಿ ಬಂದು ಗಾಡಿಯನ್ನೂ ಅವರನ್ನೂ ಹಿಡಿದುಕೊಂಡರು. ಅವರಲ್ಲೊಬ್ಬ, ಸಾಹೇಬರಿಗೆ ಎತ್ತರ ಆಗುತ್ತದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ನಾನು ಇದನ್ನೆಲ್ಲ ಪೂರ್ತಿ ನೋಡಲಿಲ್ಲ. ಗಾಡಿ ವಾಲಲು ಶುರುವಾದ ಕೂಡಲೇ ನಾನು ತಿರುಗಿ ನಿಂತು ಗಾಜಿನ ಒಳಗೆ ಸಾಲಾಗಿ ಇಟ್ಟಿದ್ದ ಹೆಲ್ಮೆಟ್ ನೋಡತೊಡಗಿದ್ದೆ. ಬೇರೆ ಕಡೆಯವರಿಗೆ ಇದು ವಿಚಿತ್ರ ಕಾಣಬಹುದು. ಓಡಿ ಹೋಗಿ ಹಿಡಿಯಬೇಕಾದವನು ನಾನು. ಆದರೆ ನಮ್ಮಲ್ಲಿ ಅಳಿಯ ಎಡವಿದರೆ ನೋಡಬಾರದು, ನೋಡಿದರೂ ನೋಡಿದ ಹಾಗೆ ಇರಬಾರದು. ಅಪ್ಪ ಇದ್ದಿದ್ದರೂ ಹಾಗೇ ಮಾಡುತ್ತಿದ್ದ. ಗಾಜಿನಲ್ಲಿ ಮಸುಕಾಗಿ ಕಂಡ ಅವರ ನೆರಳು ಗಾಡಿ ಇಳಿದು, ಅಂಗಿ ಸರಿ ಮಾಡಿಕೊಂಡು, ಒಂದು ಕಾಲು ಎಳೆಯುತ್ತ ನನ್ನ ಕಡೆ ಬರುವ ತನಕ ಆ ಹೆಲ್ಮೆಟ್ಟುಗಳನ್ನು ನೋಡುತ್ತಲೇ ಇದ್ದೆ.

"ಏನಪಾ, ಹೆಲ್ಮೆಟ್ ಚಲೋ ಅದಾವೇನು?" ಅಂದರು.

"ಚಲೋ ಅದಾವ್ರಿ," ಅಂದೆ.

ಬಸ್ ಸ್ಟ್ಯಾಂಡಿನ ತನಕ ನನ್ನ ಹಳೆಯ ಗಾಡಿಯ ಹಿಂದೆ ಕೂತು ದಾರಿಯುದ್ದಕ್ಕೂ ಬಣ್ಣದ ಮಾತಾಡಿದರು. ಆ ಹಸಿರು ಹಸಿರೂ ಅಲ್ಲ, ಕರಿಯೂ ಅಲ್ಲ. ಕೆಂಪು ಇದೆಯಂತೆ, ಅದು ತೊಳೆದು ಬಿಟ್ಟ ಕೆಂಪು. ಬಿಳಿಯದರ ಮೇಲೆ ಆ ಪಟ್ಟಿ ಯಾರು ಬಳಿಯಲು ಹೇಳಿದ್ದು. ಬಣ್ಣ ಮನಸ್ಸಿಗೆ ಬರದೆ ಗಾಡಿ ಹೇಗೆ ತೆಗೆದುಕೊಳ್ಳುವುದು, ತನಗಂತೂ ಬೇಡ ಅಂದರು. ಬಣ್ಣದಲ್ಲೇ ಅನ್ನ ತಿನ್ನುವ ಮನುಷ್ಯ, ಅವರು ಹೇಳಿದರೆ ಯಾರಾದರೂ ನಂಬುತ್ತಾರೆ. ನಾನೂ ಹೌದೌದು ಅಂದೆ. ಸೀಟು ತಗ್ಗಿಸಿ ಕೊಡುವ ಮೇಸ್ತ್ರಿಗಳು ಇರುತ್ತಾರೆ ಅನ್ನುವುದು ನನಗೂ ಗೊತ್ತಿತ್ತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಂಥ ಎಷ್ಟು ವಿಡಿಯೋ ಅವರೇ ನನಗೆ ಕಳಿಸಿದ್ದರು. ಆದರೆ ಸೀಟಿನ ಮಾತು ತೆಗೆದರೆ ನಾನು ನೋಡಿದೆ ಎಂದು ಒಪ್ಪಿಕೊಂಡ ಹಾಗೆ. ಅವರು ತೆಗೆದರೆ ಬೀಳುತ್ತಿದ್ದೆ ಎಂದು ಒಪ್ಪಿಕೊಂಡ ಹಾಗೆ. ಬಸ್ಸು ಹೊರಟಿತು, ಅವರು ಕಿಟಕಿಯಿಂದ ಕೈ ಮಾಡಿದರು.

ಆಮೇಲಿನ ವಾರಗಳನ್ನು ನೆನೆಸಿಕೊಂಡರೆ ಈಗಲೂ ಬೇಸರ ಬರುತ್ತದೆ. ಗಾಡಿ ಈಗ ತೆಗೆದುಕೊಳ್ಳಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಬೇರೆ ಆಗಿಹೋಗಿತ್ತು. ಮೀಟರಿನ ಮಂಜು, ಮೊದಲ ವರ್ಷದ ದೋಷ ಎಲ್ಲ ಮರೆತೇಹೋಗಿದ್ದವು. ನನಗೊಬ್ಬನಿಗೆ ಆ ಗಾಡಿ ಯಾಕೆ ಬೇಕಾಗಿತ್ತು? ಭಾನುವಾರ ನಾನು ಸುಮ್ಮನೆ ಮನೆಯಲ್ಲಿ ಕೂರುತ್ತಿದ್ದೆ. ಹೆಂಡತಿ, ನಿಮಗೆ ಬೇಕೋ ಬೇಡವೋ ಅಷ್ಟು ಹೇಳಿ, ಬೇಡವಾದರೆ ಆ ವಿಡಿಯೋ ನೋಡುವುದನ್ನಾದರೂ ಬಿಡಿ ಅಂದಳು. ಬೇಡ ಅಂದೆ. ಹೇಳಿ ಎರಡು ದಿನ ಹಗುರಾಗಿದ್ದೆ.

ಮೂರನೆಯ ದಿನ ಅಕ್ಕನ ಫೋನು ಬಂತು. ಮಾವಾರು ದಿನಾ ಊಟಕ್ಕೆ ಕೂತಾಗ ಕೇಳುತ್ತಾರಂತೆ, ನಿನ್ನ ತಮ್ಮ ಗಾಡಿ ತೆಗೆದುಕೊಂಡನೇ ಎಂದು. ಇಲ್ಲ ಅಂದರೆ ಮಾತು ನಿಲ್ಲಿಸಿಬಿಡುತ್ತಾರಂತೆ. ಬಾಗಲಕೋಟೆಯಲ್ಲಿ ಏನಾಯಿತು ಎಂದು ಅಕ್ಕ ನನ್ನನ್ನು ಕೇಳಿದಳು. ಬಣ್ಣ ಸೇರಲಿಲ್ಲ ಅಂದೆ. ಅಕ್ಕ ಅಷ್ಟು ಸುಲಭಕ್ಕೆ ನಂಬುವವಳಲ್ಲ.

"ಏನರ ಆಗಿರಲಿ, ನೀ ತಗೊಂಡಬಿಡು," ಅಂದಳು. "ನೀ ತಗೊಳ್ಳಲಿಲ್ಲಂದ್ರ ತನ್ನ ಸಲುವಾಗಿ ಬಿಟ್ಟ ಅಂತ ತಿಳ್ಕೋತಾರ. ಅದು ಅವ್ರಿಗೆ ಭಾಳ ಹತ್ತತೈತಿ."

ಫೋನ್ ಇಟ್ಟ ಮೇಲೆ ಲೆಕ್ಕ ಸರಿಯಾಗಿ ಕಂಡಿತು. ಗಾಡಿ ಕೊಳ್ಳದಿದ್ದರೆ, ಅಂದು ಶೋರೂಮಿನಲ್ಲಿ ನಾನು ನೋಡಿದ್ದೆ ಎಂದು ಅವರಿಗೆ ಸಾರಿ ಹೇಳಿದ ಹಾಗೆ. ನೋಡಿಲ್ಲ ಅನ್ನುವುದು ನಿಜವಾಗಬೇಕಾದರೆ ಗಾಡಿ ತರಲೇಬೇಕು, ಅದೂ ಬೇಗ. ಯಾರಾದರೂ ಆಸೆಗೆ ಗಾಡಿ ಕೊಳ್ಳುತ್ತಾರೆ, ಕೆಲಸಕ್ಕೆ ಕೊಳ್ಳುತ್ತಾರೆ. ನಾನು ಒಂದು ಗಳಿಗೆಯನ್ನು ನೋಡಿಲ್ಲ ಎಂದು ತೋರಿಸುವುದಕ್ಕೆ ಕೊಂಡೆ. ಆಷಾಢ ಮುಗಿಯುವುದನ್ನೇ ಕಾದು ಶ್ರಾವಣದಲ್ಲಿ ಹೋಗಿ ಕೆಂಪು ಬಣ್ಣದ್ದನ್ನು ತಂದೆ. ಮನೆಯ ಮುಂದೆ ಗಾಲಿಗೆ ನಿಂಬೆಹಣ್ಣು ಇಟ್ಟು ಹೆಂಡತಿ ಕುಂಕುಮ ಹಚ್ಚಿದಳು. ಗಾಡಿ ಚೆಂದ ಓಡುತ್ತಿತ್ತು, ಆ ಭೌತಶಾಸ್ತ್ರದವರ ಮಾತು ಒಂದೂ ಖರೆ ಆಗಲಿಲ್ಲ. ನನ್ನ ಎತ್ತರಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಅದು ನನಗೆ ಇನ್ನಷ್ಟು ಕೆಟ್ಟದೆನಿಸಿತು.

ನಮ್ಮ ಮನೆತನದಲ್ಲಿ ಇನ್ನೊಂದು ರೂಢಿ. ಹೊಸ ಗಾಡಿ ತಂದರೆ ಮೊದಲು ಅಕ್ಕನ ಮನೆಗೆ ಒಯ್ಯಬೇಕು. ಅಕ್ಕ ಆರತಿ ಮಾಡಬೇಕು, ಕೀಲಿಯನ್ನು ಅಳಿಯನ ಕೈಗೆ ಕೊಟ್ಟು ಅವನಿಂದ ಒಂದು ಸುತ್ತು ಹೊಡೆಸಬೇಕು. ನನ್ನ ಹಳೆಯ ಗಾಡಿಗೂ, ಹೆಂಡತಿಯ ಸ್ಕೂಟರಿಗೂ ಹಾಗೇ ಮಾಡಿದ್ದೆವು. ಭಾನುವಾರ ಇಳಕಲ್ಲಿಗೆ ಹೋದೆ. ಅಕ್ಕ ಆರತಿ ತಂದಳು, ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ನಾನು ರೂಢಿಯ ಪ್ರಕಾರ ಎರಡೂ ಕೈಯಿಂದ ಕೀಲಿಯನ್ನು ಮಾವಾರ ಕೈಗಿಟ್ಟೆ. ಇಟ್ಟ ಮೇಲೆ ನನಗೆ ಅರಿವಾಯಿತು. ದಾರಿಯುದ್ದಕ್ಕೂ ನೂರು ಯೋಚನೆ ಮಾಡಿದವನಿಗೆ ಇದೊಂದು ಹೊಳೆದಿರಲಿಲ್ಲ. ಜನ ಅವರು ಹತ್ತುವುದನ್ನೇ ಕಾಯುತ್ತಿದ್ದರು.

ಮಾವಾರು ಕೀಲಿಯನ್ನು ಕಣ್ಣಿಗೆ ಒತ್ತಿಕೊಂಡರು. ಗಾಡಿಯ ಪಕ್ಕದಲ್ಲಿ ನಿಂತೇ ಕೀಲಿ ತಿರುಗಿಸಿ ಗುಂಡಿ ಒತ್ತಿದರು. ಎಂಜಿನ್ನು ಶುರುವಾಯಿತು. ತಲೆ ಬಾಗಿಸಿ, ಕಿವಿ ಕೊಟ್ಟು, ಒಂದೆರಡು ಸಲ ರೇಸ್ ಮಾಡಿ ಕೇಳಿದರು. ಆಮೇಲೆ ಬಂದ್ ಮಾಡಿ ಕೀಲಿಯನ್ನು ನನ್ನ ಕೈಗೆ ವಾಪಸು ಕೊಟ್ಟು, ಆವಾಜು ಬಹಳ ಚಲೋ ಇದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಒಳಗೆ ಹೋದರು. ಪಕ್ಕದ ಮನೆಯ ಮುದುಕಿ, ಯಾಕೆ ಸುತ್ತು ಹೊಡೆಯಲಿಲ್ಲ ಎಂದು ಅಕ್ಕನನ್ನು ಕೇಳಿದಳು. ಅಕ್ಕ ಆರತಿ ತಟ್ಟೆ ಹಿಡಿದು ನನ್ನ ಮುಖ ನೋಡಿದಳು.

ಊಟ ಆದ ಮೇಲೆ ಮಾವಾರು ತಾವೂ ಅಮೀನಗಡದ ತನಕ ಬರುವುದಾಗಿ ಹೇಳಿದರು. ಅಲ್ಲಿ ಸ್ವಲ್ಪ ಕೆಲಸವಿದೆ, ಹಿಂದೆ ಕೂತು ಬರುತ್ತೇನೆ, ವಾಪಸು ಬಸ್ಸು ಹಿಡಿಯುತ್ತೇನೆ ಅಂದರು. ಗಾಡಿಯನ್ನು ಮನೆಯ ಮುಂದಿನ ಕಟ್ಟೆಗೆ ಒತ್ತಿ ನಿಲ್ಲಿಸಿದೆ. ಅವರು ಕಟ್ಟೆಯ ಮೇಲಿನಿಂದ ಸರಾಗ ಹಿಂದಿನ ಸೀಟಿಗೆ ಬಂದು ಕೂತು ನನ್ನ ಹೆಗಲ ಮೇಲೆ ಕೈ ಇಟ್ಟರು. ಹುನಗುಂದ ದಾಟಿದೆವು. ನನ್ನ ಮುಂದೆ ಯಾರೂ ಇರಲಿಲ್ಲ, ಎಷ್ಟು ವೇಗ ಹೋಗಬೇಕು ಎಂದು ನನಗೆ ತಿಳಿಯದೆ ಅವರು ಹೋಗುತ್ತಿದ್ದಷ್ಟೇ ನಿಧಾನ ಹೋದೆ.

ಅಮೀನಗಡದಲ್ಲಿ ಕಟ್ಟೆ ಇರಲಿಲ್ಲ. ನನ್ನ ಎರಡೂ ಹೆಗಲು ಹಿಡಿದು, ತುಟಿ ಕಚ್ಚಿ, ಕಷ್ಟಪಟ್ಟು ಇಳಿದರು. ಚಹಾ ಹೇಳಿದೆವು. ಕೆಲಸವೇನೂ ಇರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅರ್ಧ ಚಹಾ ಕುಡಿದ ಮೇಲೆ ಅವರು ಗಾಡಿಯ ಕಡೆ ನೋಡುತ್ತ ಬೇರೆಯೇ ಒಂದು ಮಾತು ತೆಗೆದರು.

"ಇದರ ಹಳೇ ಮಾಡೆಲ್ ಬಂದಿತ್ತಲ್ಲ, ಅದರ ಮ್ಯಾಲ ನಾ ಒಂದ್ಸಲ ಕುಂತಿದ್ನಿ. ನಿನಗ ಹೇಳಿರಲಿಲ್ಲ. ಎರಡೂ ಕಾಲು ಚಲೋ ನೆಲಕ್ಕ ಹತ್ತಿದ್ದುವು."

"ಮತ್ತ ಆವಾಗ ಯಾಕ ತಗೊಳ್ಳಲಿಲ್ರಿ?"

"ನೀ ಮನಿ ಕಟ್ಟಸಾಕತ್ತಿದ್ದಿ. ನಾ ತಗೊಂಡು ನಿನ್ನ ಮುಂದ ತಿರುಗಿದ್ರ ನಿನಗ ಕೆಟ್ಟ ಅನಸ್ತಿತ್ತು. ಅದಕ್ಕ ಹೊಸಾದು ಬರ್ತೈತಿ, ಕೂಡೇ ತಗೊಳ್ಳೋಣ ಅಂದ್ನಿ." ಸ್ವಲ್ಪ ನಕ್ಕರು. "ನಾ ಸುಮ್ಮನ ಹೇಳಿದ್ದು. ಖರೇನ ಬಂತು ನೋಡು."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಆಗ ನನಗೆ ದುಡ್ಡಿನ ಅಡಚಣೆ ಇರಲಿಲ್ಲ, ನಾನು ಕಾದದ್ದು ನೀವು ಮೊದಲು ತೆಗೆದುಕೊಳ್ಳಲಿ ಎಂದು, ಈ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಏನಾಗುತ್ತಿತ್ತು? ಅವರು ನನಗಾಗಿ ಎರಡು ವರ್ಷ ಬಿಟ್ಟುಕೊಟ್ಟದ್ದು ಸುಮ್ಮಸುಮ್ಮನೆ ಬಿಟ್ಟದ್ದು ಎಂದಾಗುತ್ತಿತ್ತು. ಅವರ ಹತ್ತಿರ ಉಳಿದದ್ದು ಅದೊಂದೇ. ನುಂಗಿಕೊಂಡೆ. ಇಳಕಲ್ ಬಸ್ಸು ಬಂತು. ಮುಂದಿನ ಮೆಟ್ಟಿಲು ಹತ್ತಲು ಅವರಿಗೆ ಕಂಡಕ್ಟರು ಕೈ ಕೊಟ್ಟ. ನಾನು ಆಗಲೂ ಬೇರೆ ಕಡೆ ನೋಡಿದೆ. ಬಾಗಲಕೋಟೆಗೆ ಬರುವಾಗ ಕಮತಗಿಯ ಹತ್ತಿರ ಗಾಡಿ ನಿಲ್ಲಿಸಿ ಹೊಲದ ಬದುವಿನಲ್ಲಿ ಕೂತು ಅತ್ತೆ. ಐವತ್ತರ ಮೇಲಿನ ಗಂಡಸು, ಮಗ್ಗುಲಲ್ಲಿ ಹೊಚ್ಚ ಹೊಸ ಗಾಡಿ. ದಾರಿಯಲ್ಲಿ ಹೋಗುವ ಒಬ್ಬರು ಗಾಡಿ ಕೆಟ್ಟಿತೇನ್ರಿ ಎಂದು ಕೇಳಿಕೊಂಡು ಹೋದರು.

ಅದಾದ ಮೇಲೆ ಮದುವೆಯ ಹಂಗಾಮು ಬಂತು, ಅವರಿಗೆ ಗಾದಿ ಬಿಟ್ಟು ಏಳಲು ಪುರಸೊತ್ತಿಲ್ಲ. ನಾನು ಒಬ್ಬನೇ ಒಂದೆರಡು ಸಲ ಬಾದಾಮಿಯ ತನಕ ಹೋಗಿ ಬಂದೆ, ರುಚಿ ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ಅವರ ಫೋನು ಬರುತ್ತಿತ್ತು. ಸರ್ವಿಸ್ ಮಾಡಿಸಿದೆಯಾ, ಆಯಿಲ್ ಬದಲಿಸಿದೆಯಾ, ಚೈನಿಗೆ ಎಣ್ಣೆ ಬಿಟ್ಟೆಯಾ ಎಂದು ಕೇಳುತ್ತಿದ್ದರು. ಕಣಕುಂಬಿಯ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಒಂದು ದಿನ ತಡೆಯದೆ ಗಾಡಿಯನ್ನು ಇಲ್ಲಿಯ ಒಬ್ಬ ಮೇಸ್ತ್ರಿಯ ಹತ್ತಿರ ಒಯ್ದು, ಎಷ್ಟು ತಗ್ಗುತ್ತದೋ ಅಷ್ಟು ತಗ್ಗಿಸಲು ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಮಗೇನಾ ಎಂದು ಮತ್ತೆ ಕೇಳಿದ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಅದರ ಮೇಲೆ ಕೂತರೆ ಈಗ ನನ್ನ ಮೊಣಕಾಲು ಟ್ಯಾಂಕಿಗಿಂತ ಎತ್ತರ. ಮೂರು ಚಕ್ರದ ಸೈಕಲ್ ಮೇಲೆ ದೊಡ್ಡವರು ಕೂತ ಹಾಗೆ ಕಾಣುತ್ತೇನೆ ಎಂದು ಹೆಂಡತಿ ನಕ್ಕಳು, ಆಮೇಲೆ ಯಾಕೆ ಮಾಡಿಸಿದೆ ಅನ್ನುವುದು ತಿಳಿದು ನಗು ನಿಲ್ಲಿಸಿದಳು.

ಹೋದ ತಿಂಗಳು ಅದೇ ಗಾಡಿಯಲ್ಲಿ ಮೈ ಕೈ ನೋಯಿಸಿಕೊಂಡು ಇಳಕಲ್ಲಿಗೆ ಹೋದೆ. ಬೆಳಗಿನ ಹೊತ್ತು, ಅಂಗಡಿ ಆಗ ತಾನೇ ತೆಗೆದಿದ್ದರು, ಗಿರಾಕಿ ಇರಲಿಲ್ಲ. ಮಾವಾರು ಈಗ ಗಾದಿ ಬಿಟ್ಟು ಕುರ್ಚಿಯ ಮೇಲೆ ಕೂರುತ್ತಾರೆ. ನಾನು ಗಾಡಿ ನಿಲ್ಲಿಸಿದ್ದನ್ನು ಒಳಗಿನಿಂದಲೇ ನೋಡಿದರು. ಒಂದೇ ನೋಟ ಸಾಕಾಯಿತು. ಕೋಲು ಹಿಡಿದು ಹೊರಗೆ ಬಂದರು.

"ಸೀಟ ತಗ್ಗಿಸೀ ಏನು?"

"ಹೌದ್ರಿ. ನನಗ ಸ್ವಲ್ಪ ಎತ್ತರ ಆಗ್ತಿತ್ತು."

ಅವರು ನನ್ನ ಮುಖವನ್ನು ಕತ್ತೆತ್ತಿ ನೋಡಿದರು. ನಾನು ಕೀಲಿ ಹಿಡಿದ ಕೈ ಮುಂದೆ ಚಾಚಿದ್ದೆ. ಅವರು ಕೀಲಿ ತೆಗೆದುಕೊಳ್ಳದೆ ಕೋಲನ್ನು ನನ್ನ ಕೈಗೆ ಕೊಟ್ಟು, ಹ್ಯಾಂಡಲ್ ಹಿಡಿದು, ಬಲಗಾಲನ್ನು ಕಷ್ಟಪಟ್ಟು ಆಚೆ ದಾಟಿಸಿ ಕೂತರು. ನಾನು ಸ್ಟ್ಯಾಂಡ್ ತೆಗೆದು ಗಾಡಿಯನ್ನು ನೆಟ್ಟಗೆ ಮಾಡಿದೆ. ಎರಡೂ ಪಾದ ಪೂರ್ತಿಯಾಗಿ ನೆಲಕ್ಕೆ ಹತ್ತಿದವು. ಅವರು ಬಗ್ಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಕೊಂಡರು. ಆಮೇಲೆ ಎಡಗಾಲನ್ನು ಗೇರಿನ ಮೇಲೆ ಇಡಲು ನೋಡಿದರು. ಮೊಣಕಾಲು ಮಡಚಲಿಲ್ಲ. ಕೈಯಿಂದ ಎತ್ತಿ ಇಡಲು ನೋಡಿದರು, ಆಗಲೂ ಆಗಲಿಲ್ಲ. ನಾನು ಈ ಸಲ ಬೇರೆ ಕಡೆ ತಿರುಗಲಿಲ್ಲ, ಅಲ್ಲೇ ನಿಂತು ನೋಡಿದೆ.

"ಇದನ್ನ ಆವತ್ತ ಹೇಳಬೇಕಿತ್ತಲ್ಲೋ ತಮ್ಮಾ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಹೆಲ್ಮೆಟ್ ನೋಡ್ಕೋತ ನಿಂತಿ."

ಬೀದಿಯ ಆಚೆ ಚಹಾದವನು ಒಲೆ ಹೊತ್ತಿಸುತ್ತ, ಸಾಹುಕಾರರ ಹೊಸ ಗಾಡಿ ಏನ್ರಿ ಎಂದು ಕೂಗಿ ಕೇಳಿದ. ಮಾವಾರು ಹೌದು ಎಂದು ಕೈ ಎತ್ತಿದರು. ಗಿರಾಕಿ ಬರುವ ತನಕ ಅವರು ಅದರ ಮೇಲೆ ಹಾಗೇ ಕೂತಿದ್ದರು, ನಾನು ಒಂದು ಕೈಯಲ್ಲಿ ಅವರ ಕೋಲು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ನಿಂತಿದ್ದೆ.